ಐದನೆಯ ಮನೆಯ ಭಿಕ್ಷೆ

ಆ ಮನೆಯಲ್ಲಿ ಪುಂಡಿಪಲ್ಯ ನಿಲ್ಲುವ ಲಕ್ಷಣವೇ ಇರಲಿಲ್ಲ. ದಸರೆಯ ಹಿಂದೆಮುಂದೆ ಶುರುವಾದದ್ದು, ದೀಪಾವಳಿ ಮುಗಿದರೂ ನಡೆದೇ ಇತ್ತು. ಬೆಳಿಗ್ಗೆ ಏನು ಬೇಕಾದರೂ ಮಾಡಲಿ, ರಾತ್ರಿಗೆ ಮಾತ್ರ ಜೋಳದ ರೊಟ್ಟಿ, ಪುಂಡಿಪಲ್ಯ. ಆಳಂದದ ಬಜಾರಿನಲ್ಲಿ ಸೊಪ್ಪು ಮಾರುವವಳು ಈ ಮನೆಯ ಸೊಸೆ ಸುನಿತಾ ದೂರದಲ್ಲಿ ಕಂಡರೆ ಸಾಕು, ಕೇಳುವ ಮೊದಲೇ ಪುಂಡಿಯ ಸಿವುಡು ಎತ್ತಿ ಇಡುತ್ತಿದ್ದಳು.

“ಯವ್ವಾ, ಇವತ್ತೂ ಇದೇ ಏನಬೇ?” ಎಂದು ಸಂಜುಕುಮಾರ ತಾಟು ಸರಿಸಿದ.

“ಸುಮ್ನ ತಿನ್ನು. ಹೊಟ್ಟಿಗೆ ಛಲೋ ಅದು,” ಎಂದಳು ತಾಯಿ ಗುರುಬಾಯಿ.

“ಹೊಟ್ಟಿನೇ ಹುಳಿ ಆಗ್ಯಾದ. ತೊಗರಿ ವ್ಯಾಪಾರ ಮಾಡೋರ ಮನ್ಯಾಗ ಬ್ಯಾಳಿ ಬೇಯೂದಿಲ್ಲ ಅಂದ್ರ ಜನ ನಗ್ತಾರ. ಸುನಿತಾ, ನೀನಾದ್ರೂ ನಾಳಿ ಬ್ಯಾಳಿ ಮಾಡು.”

ಸುನಿತಾ ಗಂಡನ ಕಡೆ ನೋಡಲಿಲ್ಲ, ಅತ್ತೆಯ ಕಡೆ ನೋಡಿದಳು. ಅತ್ತೆ ಮಾವನ ತಾಟಿನ ಕಡೆ ನೋಡುತ್ತಿದ್ದಳು. ಮಾವ ದೌಲತರಾಯರು ಮಾತಿಲ್ಲದೆ ಪಲ್ಯ ಬಳಿದು ತಿಂದು, ಕೈ ತೊಳೆದು, ಎದ್ದು ಹೋದರು. ಅವರ ತಾಟಿನ ಅಂಚಿನಲ್ಲಿ ಒಂದು ಎಸಳೂ ಉಳಿದಿಲ್ಲ ಎಂದು ನೋಡಿಕೊಂಡ ಮೇಲೆಯೇ ಗುರುಬಾಯಿ ಉಸಿರು ಬಿಟ್ಟಳು. ಅವಳ ಊಟ ಯಾವಾಗಲೂ ಕೊನೆಗೆ. ಮದುವೆಯಾಗಿ ಬಂದಾಗಿನಿಂದ ಗಂಡ ಉಂಡು ಎದ್ದ ತಾಟಿನಲ್ಲೇ ಬಡಿಸಿಕೊಂಡು ಉಂಡವಳು ಅವಳು. ಈಗೀಗ ಮಾತ್ರ ಆ ತಾಟನ್ನು ಮೊದಲು ತೊಳೆದು ಬಡಿಸಿಕೊಳ್ಳುತ್ತಿದ್ದಳು. ಅದನ್ನು ಯಾರೂ ಗಮನಿಸಿರಲಿಲ್ಲ.

ದೌಲತರಾಯರದು ಮಾರ್ಕೆಟ್ಟಿನಲ್ಲಿ ತೊಗರಿ, ಜೋಳದ ಅಡತಿ ದುಕಾನು. ಅವರು ಗಾದಿಯ ಮೇಲೆ ಕೂತು ಬೈದರೆ ಬಸ್‌ಸ್ಟ್ಯಾಂಡಿನವರೆಗೆ ಕೇಳಿಸುತ್ತದೆ ಎಂದು ಹಮಾಲರು ತಮಾಷೆ ಮಾಡುತ್ತಿದ್ದರು. ಮನೆಯಲ್ಲಿಯೂ ಹಾಗೆಯೇ. ಮೊದಲ ತುತ್ತಿಗೆ ‘ಉಪ್ಪು ಕಮ್ಮಿ ಅದ’ ಎನ್ನದೆ ಅವರ ಊಟ ಮುಂದುವರಿದದ್ದೇ ಇಲ್ಲ. ಅಂಥ ಮನುಷ್ಯ ಈ ಮಳೆಗಾಲದಲ್ಲಿ ಮೆತ್ತಗಾದರು. ಮೊದಲು ದುಕಾನಿಗೆ ತಡವಾಗಿ ಹೋದರು, ಆಮೇಲೆ ಹೋಗುವುದನ್ನೇ ಬಿಟ್ಟರು. ಕೊರಳಲ್ಲಿ ಲಿಂಗವಿತ್ತು, ಪೂಜೆ ಇರಲಿಲ್ಲ. ಗಡ್ಡ ಬೆಳೆಯಿತು. ಹಗಲೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಏನಾಗಿದೆ ಎಂದು ಕೇಳಿದರೆ ‘ಬ್ಯಾಸರ’ ಎಂಬ ಒಂದೇ ಮಾತು.

ಒಂದು ದಿನ ಸುನಿತಾ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ಸಂಜು ಒಂದು ತುತ್ತಿಗೆ ಮುಖ ಕಿವುಚಿ ಕೂಗಾಡಿದ. ದೌಲತರಾಯರು ಮಾತ್ರ ಅದೇ ಸಪ್ಪೆ ಸಾರನ್ನು ಪೂರ್ತಿ ಉಂಡು ಎದ್ದು ಹೋದರು. ಅಂದು ಗುರುಬಾಯಿ ಅಡಿಗೆಮನೆಯ ಮೂಲೆಯಲ್ಲಿ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಅದಾದ ಮೇಲೆ ಬಾವಿ. ಒಂದು ಮಧ್ಯಾಹ್ನ ದೌಲತರಾಯರು ಕೈಗಡಿಯಾರ ಬಿಚ್ಚಿ ಮಗನಿಗೆ ಕೊಟ್ಟು, “ನೀನೇ ಇಟ್ಕೊ,” ಎಂದು ಹೊಲದ ಕಡೆ ನಡೆದರು. ಸಂಜುವಿಗೆ ಏನೂ ಅನ್ನಿಸಲಿಲ್ಲ. ಗುರುಬಾಯಿಗೆ ಅನ್ನಿಸಿತು. ಬುತ್ತಿಯ ನೆಪ ಮಾಡಿಕೊಂಡು ಹಿಂದೆಯೇ ಓಡಿದಳು. ಚಪ್ಪಲಿ ಕೆಳಗಿದ್ದವು, ಅವರು ಬಾವಿಯ ಕಟ್ಟೆಯ ಮೇಲೆ ನಿಂತಿದ್ದರು.

“ಏನ್ ಮಾಡಾಕತ್ತೀರಿ?”

“ನೀರ ಎಷ್ಟದ ನೋಡಾಕತ್ತೇನಿ.”

ಅವಳು ಧೋತರದ ಚುಂಗು ಹಿಡಿದು ಎಳೆದು ಕೆಳಗಿಳಿಸಿದಳು. ಮನೆಗೆ ಬರುವವರೆಗೂ ಆ ಚುಂಗು ಬಿಡಲಿಲ್ಲ. ಈ ಸಂಗತಿಯನ್ನು ಅವಳು ಹೇಳಿದ್ದು ಸುನಿತಾಳಿಗೆ ಮಾತ್ರ. ಸೊಸೆ ಜೇವರ್ಗಿಯ ಹುಡುಗಿ, ಓದಿದವಳು, ಮಾತು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವಳು. ಅವಳೇ ಹಟ ಹಿಡಿದು ಮಾವನನ್ನು ಕಲಬುರಗಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಸಮಾಧಾನದಿಂದ ಮಾತಾಡಿದರು. “ಶುಗರು, ಬೀಪಿ ಇದ್ದಂಗ ಇದೂ ಒಂದು ಬ್ಯಾನಿ. ಭಾಳ ಮಂದಿಗೆ ಬರ್ತದ. ಗುಳಿಗಿ ದಿನಾ ತಗೋಬೇಕು. ಆರಾಮ ಆತು ಅಂತ ನಡುವ ತಟ್ಟನ ಬಿಡಬಾರದು.”

ದೌಲತರಾಯರು ಡಾಕ್ಟರ ಮುಂದೆ ತಲೆಯಾಡಿಸಿದರು. ಬಸ್‌ಸ್ಟ್ಯಾಂಡಿಗೆ ಬಂದವರೇ ಗುಳಿಗೆಯ ಪಾಕೀಟನ್ನು ಕಸದ ಡಬ್ಬಿಗೆ ಎಸೆದರು. “ಹುಚ್ಚರ ಗುಳಿಗಿ ಇವು. ನಾ ಹುಚ್ಚ ಅಲ್ಲ. ಇನ್ನೊಮ್ಮೆ ಇದರ ಮಾತ ತೆಗೆದ್ರ ಮನಿ ಬಿಟ್ಟ ಹೋಗ್ತೇನಿ.” ಮಾವ ಬಸ್ಸು ಹತ್ತುವವರೆಗೆ ಸುನಿತಾ ಕಾದು, ಪಾಕೀಟನ್ನು ಎತ್ತಿ, ಸೆರಗಿನಿಂದ ಒರೆಸಿ, ಬ್ಯಾಗಿನಲ್ಲಿ ಇಟ್ಟುಕೊಂಡಳು.

ಆಮೇಲಿನದು ಅಡಿಗೆಮನೆಯ ಕೆಲಸ. ಅಡಿಕೆ ಕುಟ್ಟುವ ಕುಟ್ಟಾಣಿಯಲ್ಲಿ ಗುಳಿಗೆ ಪುಡಿಯಾಯಿತು. ಮಜ್ಜಿಗೆಯಲ್ಲಿ ಹಾಕಿದರೆ ಕಹಿ ಎಂದು ಅವರು ಲೋಟ ಕೆಳಗಿಟ್ಟರು. ಸಾರಿನಲ್ಲಿ ಹಾಕಿದರೆ ಅರ್ಧ ಉಳಿಯಿತು. ಕೊನೆಗೆ ಆ ಕಹಿಯನ್ನು ನುಂಗಿ ಹಾಕಿದ್ದು ಪುಂಡಿಯ ಹುಳಿ. ಒಬ್ಬರಿಗೇ ಪುಂಡಿಪಲ್ಯ ಬಡಿಸಿದರೆ ಅನುಮಾನ ಬರುತ್ತದೆ, ಹಾಗಾಗಿ ಇಡೀ ಮನೆಗೆ ಪುಂಡಿಪಲ್ಯ. ಗುರುಬಾಯಿ ಅವರ ಪಾಲನ್ನು ಸಣ್ಣ ಬಟ್ಟಲಲ್ಲಿ ಬೇರೆ ತೆಗೆದು ಕಲಸುತ್ತಿದ್ದಳು.

“ಅತ್ಯಾ, ಹೇಳಿಬಿಡೋದು ಛಲೋ ಅನಸ್ತದ್ರಿ,” ಎಂದಳು ಸುನಿತಾ ಒಮ್ಮೆ. “ಡಾಕ್ಟರ್ಗೆ ನಾ ಸುಳ್ಳ ಹೇಳಿ ಗುಳಿಗಿ ತರಾಕತ್ತೇನಿ. ತಾವೇ ತಗೋತಾರ ಅಂತ.”

“ಹೇಳಿದ ದಿನ ನನ್ನ ಕೈಯಾಗಿಂದು ನೀರ ಸೈತ ಮುಟ್ಟಂಗಿಲ್ಲ ಅವರು. ನಿನಗ ಗೊತ್ತಿಲ್ಲ ಅವರ ಹಟ.”

“ಎಷ್ಟ ದಿನಾ ಹಿಂಗ?”

“ಬಾವಿ ಮರಿಯೋತನ.”

ಇದೇ ದಿನಗಳಲ್ಲಿ ಲಾಡ್ಲೆಸಾಬ ಬಂದ. ಅವನು ದೌಲತರಾಯರ ಹಳೆಯ ಗೆಳೆಯ, ಜನ ತುಂಬಿಕೊಂಡು ಅಫಜಲಪುರದ ಕಡೆ ಕ್ರೂಸರ್ ಓಡಿಸುವವನು. “ಮನ್ಯಾಗ ಕೂತು ಕೂತು ಗೋಡಿ ಆಗ್ತೀರಿ ಸಾವ್ಕಾರ್ರ, ಏಳ್ರಿ,” ಎಂದು ಎಬ್ಬಿಸಿ, ಒಂದು ಗುರುವಾರ ಅವರನ್ನು ಗಾಣಗಾಪುರಕ್ಕೆ ಕರೆದೊಯ್ದ. ದೌಲತರಾಯರು ದತ್ತನ ಪಾದುಕೆಗೆ ಕೈಮುಗಿದು, ಸಂಗಮದಲ್ಲಿ ಮುಳುಗು ಹಾಕಿ, ಹೇಗೆ ಹೋಗಿದ್ದರೋ ಹಾಗೇ ವಾಪಸು ಬಂದು ಮಲಗಿದರು.

ಕೆಲವು ವಾರ ಕಳೆದವು. ಒಂದು ರಾತ್ರಿ ಊಟದ ನಡುವೆ ಅವರು ತಟ್ಟನೆ ತಲೆ ಎತ್ತಿದರು.

“ಉಪ್ಪು ಕಮ್ಮಿ ಅದ.”

ಸಂಜುವಿನ ಕೈ ಬಾಯಿಯ ಹತ್ತಿರ ನಿಂತಿತು. ಗುರುಬಾಯಿ ಒಳಗೆ ಓಡಿ ಉಪ್ಪಿನ ಭರಣಿಯನ್ನೇ ಎತ್ತಿ ತಂದು ಮುಂದಿಟ್ಟಳು. “ಭರಣಿ ತಂದು ಇಡ್ತಾರೇನಬೇ? ಒಂದ್ ಚಿಟಗಿ ಹಾಕು!” ಎಂದು ಗದರಿದರು. ಆ ಗದರಿಕೆ ಅವಳಿಗೆ ಸಕ್ಕರೆಯಾಯಿತು. ಮರುವಾರ ಗಡ್ಡ ಹೋಯಿತು. ಅದರ ಮರುವಾರ ದುಕಾನಿಗೆ ಹೋದರು. ಮೊದಲ ದಿನವೇ ಹಮಾಲರಿಗೆ ಬೈದರಂತೆ, ಸಂಜು ಮಧ್ಯಾಹ್ನ ಊಟಕ್ಕೆ ಬಂದು ನಗುತ್ತ ಹೇಳಿದ. ಅತ್ತೆ ಸೊಸೆ ಇಬ್ಬರೂ ಒಲೆಯ ಮುಂದೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

ಆದರೆ ದೌಲತರಾಯರ ಲೆಕ್ಕಾಚಾರವೇ ಬೇರೆಯಾಗಿತ್ತು. ದುಕಾನಿಗೆ ಬಂದವರಿಗೆಲ್ಲ ಒಂದೇ ಮಾತು: “ಡಾಕ್ಟರ್ ಕೈಯಾಗ ಆಗ್ಲಿಲ್ಲ, ದತ್ತ ಎತ್ತಿದ ನನ್ನ.” ಒಂದು ಸಂಜೆ ಅದನ್ನೇ ಮನೆಯಲ್ಲಿಯೂ ಹೇಳಿ, ಹರಕೆಯ ಸುದ್ದಿ ತೆಗೆದರು. ಗಾಣಗಾಪುರದಲ್ಲಿ ಇದ್ದು ಪಾರಾಯಣ ಮಾಡಬೇಕು. ಹುಣ್ಣಿಮೆ ಮುಗಿದ ಮೇಲೆಯೇ ಮನೆ. ಅಲ್ಲಿಯವರೆಗೆ ಮಧ್ಯಾಹ್ನ ಐದು ಮನೆಯ ಭಿಕ್ಷೆ ಬೇಡಿ ಅದನ್ನೇ ಉಣ್ಣಬೇಕು.

“ಭಿಕ್ಷಾ?” ಸಂಜು ಎದ್ದು ನಿಂತ. “ಅಪ್ಪಾ, ಆಳಂದದ ಅಡತಿ ಸಾವ್ಕಾರ ಜೋಳಿಗಿ ಹಿಡಕೊಂಡು ಬೇಡ್ತಾರೇನು? ಅಲ್ಲಿ ನಮ್ಮ ಗಿರಾಕಿ ಯಾರಾದ್ರೂ ನೋಡಿದ್ರ?”

“ನೋಡ್ಲಿ. ಅಲ್ಲಿ ಕಲೆಕ್ಟರೂ ಬೇಡ್ತಾರ, ಕೂಲಿಯವನೂ ಬೇಡ್ತಾನ.”

“ನಾವು ಲಿಂಗಾಯತರು. ಕಾಯಕ ಮಾಡಿ ಉಣ್ಣೋ ಮಂದಿ. ಸೀಜನ್ ಶುರು ಆಗೋ ಹೊತ್ತಿನ್ಯಾಗ ದುಕಾನ ಬಿಟ್ಟು…”

“ಗೋಡಿ ಕಡೆ ಮಾರಿ ಮಾಡಿ ಬಿದ್ದಿದ್ದೆನಲ್ಲ, ಆವಾಗ ಯಾವ ಕಾಯಕ ಮಾಡಾಕತ್ತಿದ್ದೆ? ಕೇಳಿದೇನಲೇ ನೀ?”

ಸಂಜು ಮತ್ತೆ ಕೂತ. ಗುರುಬಾಯಿ ಮೆಲ್ಲಗೆ ಹೇಳಿದಳು, “ನಾ ಬುತ್ತಿ ಕಟ್ಟಿಕೊಡ್ತೇನಿ. ಶೇಂಗಾ ಹಿಂಡಿ, ಪುಂಡಿಪಲ್ಯ…”

“ಮನಿ ಬುತ್ತಿ ಉಂಡ್ರ ಹರಕಿ ಹೆಂಗ ಆಗ್ತದ? ಐದು ಮನಿ. ಹೆಚ್ಚಿಗಿ ಒಂದು ಮನಿ ಬೇಡಂಗಿಲ್ಲ. ಏನ್ ಹಾಕ್ತಾರ, ಅದನ್ನ ತಗೋಬೇಕು. ಇದು ಬ್ಯಾಡ, ಅದು ಹಾಕ್ರಿ ಅನ್ನಂಗಿಲ್ಲ. ಬಂದದ್ದು ದತ್ತ ಕೊಟ್ಟಿದ್ದು ಅಂತ ತಿಳೀಬೇಕು.”

ಅತ್ತೆ ಸೊಸೆಗೆ ಮುಂದಿನ ದಿನಗಳು ಒಂದೆಡೆ ಕೂರಲಾಗದ ದಿನಗಳು. ಸುನಿತಾ ದವಾಖಾನೆಗೆ ಫೋನು ಮಾಡಿದಳು. ನಿಲ್ಲಿಸಬೇಡಿ, ಕರೆದುಕೊಂಡು ಬನ್ನಿ ಎಂದರು. ಹೇಳಿಬಿಡೋಣ ಎಂದು ಒಮ್ಮೆ, ಬೇಡ ಎಂದು ಒಮ್ಮೆ. ಗುರುಬಾಯಿ ರೊಟ್ಟಿ ಹೆಂಚಿನ ಮೇಲೆ ಬಿಟ್ಟು ಅಂಗಳಕ್ಕೆ ಹೋಗುವಳು, ಅಂಗಳದಲ್ಲಿ ಯಾಕೆ ಬಂದೆನೆಂದು ಮರೆತು ಒಳಗೆ ಬರುವಳು. ರೊಟ್ಟಿ ಸುಟ್ಟು ಕರಿಯಾಗುತ್ತಿತ್ತು. ಕಾರ್ತೀಕ ಮುಗಿದ ಮೇಲೆ ಒಂದು ಬೆಳಿಗ್ಗೆ ದೌಲತರಾಯರು ಬಿಳಿ ಪಂಚೆ ಉಟ್ಟು, ಬಗಲಿಗೆ ಜೋಳಿಗೆ ಹಾಕಿಕೊಂಡು ಹೊರಟೇಬಿಟ್ಟರು. ಗುರುಬಾಯಿ ಎರಡು ದಿನ ಹೇಗೋ ತಡೆದಳು. ಮೂರನೆಯ ದಿನ ಪುಂಡಿಯ ಸಿವುಡು, ಜೋಳದ ಹಿಟ್ಟು, ಕುಟ್ಟಾಣಿ, ಗುಳಿಗೆಯ ಪಾಕೀಟು ಎಲ್ಲ ಒಂದು ಚೀಲಕ್ಕೆ ತುಂಬಿಕೊಂಡು ಲಾಡ್ಲೆಸಾಬನ ಕ್ರೂಸರಿನ ಮುಂದೆ ನಿಂತಳು.

“ಎಲ್ಲಿಗಿ ವೈನಿ?”

“ಗಾಣಗಾಪುರಕ್ಕ. ನಾಕ ದಿನಾ ನೀನೂ ಅಲ್ಲೇ ಇರಬೇಕು ಭಾಯಿ. ದಾರ್ಯಾಗ ಎಲ್ಲಾ ಹೇಳ್ತೇನಿ, ಗಾಡಿ ಬಿಡು.”

ದಾರಿಯಲ್ಲಿ ಎಲ್ಲ ಕೇಳಿದ ಲಾಡ್ಲೆಸಾಬ ಒಂದು ಕಡೆ ಗಾಡಿ ನಿಲ್ಲಿಸಿ ಹಣೆ ಹಣೆ ಬಡಿದುಕೊಂಡ. “ಯಾ ಅಲ್ಲಾ! ದರ್ಶನಾ ಮಾಡಿಸಿದಾಂವ ನಾ, ದವಾ ತಿನ್ನಿಸಿದಾಕಿ ನೀವು. ಸಾವ್ಕಾರ್ರು ಊರ ತುಂಬ ನನ್ನ ಹೆಸರ ಹೇಳ್ಯಾರಲ್ರಿ!”

ಗುಡಿಯ ಹಿಂದಿನ ಓಣಿಯಲ್ಲಿ ಗಂಗುಬಾಯಿ ಎಂಬ ವಿಧವೆಯ ಮನೆಯ ಕೋಣೆಯೊಂದು ಬಾಡಿಗೆಗೆ ಸಿಕ್ಕಿತು. ದೌಲತರಾಯರು ದಿನಾ ಅದೇ ಓಣಿಯಲ್ಲಿ ಬರುತ್ತಾರೆ ಎಂದು ಲಾಡ್ಲೆಸಾಬ ವಿಚಾರಿಸಿಕೊಂಡು ಬಂದಿದ್ದ. ಗುರುಬಾಯಿ ಸ್ಟವ್ವು ಹಚ್ಚಿ ರೊಟ್ಟಿ ಬಡಿದಳು, ಪುಂಡಿಪಲ್ಯ ಕುದಿಸಿದಳು, ಗುಳಿಗೆ ಕುಟ್ಟಿ ಕಲಸಿದಳು. ಮಧ್ಯಾಹ್ನದ ಮಂಗಳಾರತಿಯ ಗಂಟೆ ಕೇಳಿದ ಮೇಲೆ ಮುಖದ ಮೇಲೆ ಸೆರಗು ಎಳೆದುಕೊಂಡು ಬಾಗಿಲಲ್ಲಿ ನಿಂತಳು.

ಓಣಿಯ ಆ ತುದಿಯಿಂದ ಅವರು ಬಂದರು. “ಓಂ ಭವತಿ ಭಿಕ್ಷಾಂ ದೇಹಿ.” ಬಸ್‌ಸ್ಟ್ಯಾಂಡಿಗೆ ಕೇಳಿಸುತ್ತಿದ್ದ ಗಂಟಲು ಪಕ್ಕದ ಮನೆಗೂ ಕೇಳಿಸದಷ್ಟು ಸಣ್ಣದಾಗಿತ್ತು. ಆದರೆ ಅವರಿಗೆ ಐದನೆಯ ಮನೆ ಗಂಗುಬಾಯಿಯ ಮನೆಗಿಂತ ಒಂದು ಮನೆ ಹಿಂದೆಯೇ ಮುಗಿದುಹೋಯಿತು. ಜೋಳಿಗೆಯ ಬಾಯಿ ಕಟ್ಟಿ, ಗುರುಬಾಯಿಯ ಕಣ್ಣೆದುರಿಗೇ ತಿರುಗಿ ಹೋದರು. ತಿರುಗುವಾಗ ಜೋಲಿ ಹೊಡೆದು ಗೋಡೆ ಹಿಡಿದುಕೊಂಡದ್ದನ್ನು ಅವಳು ನೋಡಿದಳು. ರೊಟ್ಟಿಯ ತಾಟು ಹಿಡಿದುಕೊಂಡು ಎಷ್ಟೋ ಹೊತ್ತು ಅಲ್ಲೇ ನಿಂತಿದ್ದಳು.

ಮರುದಿನ ಆ ಪಕ್ಕದ ಮನೆಯವಳಿಗೆ ಗಂಗುಬಾಯಿಯಿಂದ ಹೇಳಿಸಿ, ಬಾಗಿಲ ಮರೆಯಲ್ಲಿ ತಾನು ನಿಂತು, ಮನೆಯವಳ ಕೈಯಿಂದ ಭಿಕ್ಷೆ ಹಾಕಿಸಿದಳು. ರೊಟ್ಟಿ, ಅದರ ಮೇಲೆ ಪುಂಡಿಪಲ್ಯ. ಬಿದ್ದದ್ದು ಬಿದ್ದಿತು. ಗುರುಬಾಯಿಯ ಕಾಲು ನಿಲ್ಲಲಿಲ್ಲ, ದೂರದಿಂದ ಹಿಂಬಾಲಿಸಿದಳು. ಲಾಡ್ಲೆಸಾಬ ಜೊತೆಗೆ ಬಂದ. ದೌಲತರಾಯರು ಹೊಳೆಯ ದಂಡೆಗೆ ಹೋಗಿ ಕೂತು ಜೋಳಿಗೆ ಬಿಚ್ಚಿದರು. ಒಂದು ಪಾಲು ಆಕಳಿಗೆ ಇಟ್ಟರು. ಒಂದು ಪಾಲು ನಾಯಿಗೆ. ಎಲ್ಲಕ್ಕಿಂತ ಮೇಲೆ ಬಿದ್ದಿದ್ದದ್ದು ಐದನೆಯ ಮನೆಯ ರೊಟ್ಟಿ. ಅದೇ ನಾಯಿಯ ಪಾಲಾಯಿತು. ಕಂದು ಬಣ್ಣದ ಬಡಕಲು ನಾಯಿ ಪುಂಡಿಪಲ್ಯವನ್ನು ನೆಕ್ಕಿ ನೆಕ್ಕಿ ತಿಂದಿತು.

“ಇನ್ನ ಈ ನಾಯಿಗಿ ಜಲ್ಮದಾಗ ಬ್ಯಾಸರ ಆಗಂಗಿಲ್ಲ ಬಿಡ್ರಿ,” ಎಂದ ಲಾಡ್ಲೆಸಾಬ. ಗುರುಬಾಯಿ ನಗಲಿಲ್ಲ. “ಫಿಕರ್ ಮಾಡಬ್ಯಾಡ್ರಿ ವೈನಿ. ನಾಳಿ ಮೊದಲನೇ ಮನ್ಯಾಗ ನಿಂತು ಹಾಕೋಣು. ತಳದಾಗ ಉಳೀತದ.”

“ಅಲ್ಲಿ ನೋಡು,” ಎಂದಳು ಗುರುಬಾಯಿ.

ದೌಲತರಾಯರು ತಮ್ಮ ಪಾಲನ್ನು ಮುಂದಿಟ್ಟುಕೊಂಡು ನೀರಿನ ಕಡೆ ನೋಡುತ್ತ ಕೂತಿದ್ದರು. ಒಂದು ತುತ್ತು ಮುರಿದರು, ಬಾಯಿಗೆ ಇಡಲಿಲ್ಲ. ನಾಯಿ ಮತ್ತೆ ಬಂದಿತು. ಅದನ್ನೂ ಅದಕ್ಕೇ ಇಟ್ಟರು. ಉಳಿದದ್ದನ್ನೂ ಇಟ್ಟರು. ಜೋಳಿಗೆ ಕೊಡವಿ ಮತ್ತೆ ನೀರಿನ ಕಡೆಗೇ ಮುಖ ಮಾಡಿದರು.

“ಮೊದಲನೇ ಮನ್ಯಾಗ ಹಾಕಿದ್ರೂ, ಕಡೀ ಮನ್ಯಾಗ ಹಾಕಿದ್ರೂ, ಉಣ್ಣೋದನ್ನೇ ಬಿಟ್ಟಾರ ಅವರು,” ಎಂದಳು. “ಸಾಕ್ ಭಾಯಿ ಈ ಕಳ್ಳತನ. ಇವತ್ತ ನೀ ಅವರ ಹಂತೇಕ ಇರು. ಹೊಳಿ ಕಡೆ ಒಬ್ಬರನ್ನ ಬಿಡಬ್ಯಾಡ.”

ಅಂದು ಲಾಡ್ಲೆಸಾಬ ಬಾಡಿಗೆಗೆ ಬಂದಿದ್ದೆ ಎಂದು ಸುಳ್ಳು ಹೇಳಿ ಗೆಳೆಯನ ಜೊತೆಗೇ ಧರ್ಮಶಾಲೆಯಲ್ಲಿ ಉಳಿದ. ಗುರುಬಾಯಿ ಮರುದಿನ ಪುಂಡಿಪಲ್ಯ ಮಾಡಲಿಲ್ಲ. ಬರೀ ಬೇಳೆ, ರೊಟ್ಟಿ ಮಾಡಿದಳು. ಪಕ್ಕದ ಮನೆಯ ಬಾಗಿಲಲ್ಲಿ, ಅವರ ಐದನೆಯ ಮನೆಯ ಹೊಸ್ತಿಲ ಮೇಲೆ, ಮುಖದ ಸೆರಗು ಹಿಂದೆ ಸರಿಸಿ ನಿಂತಳು.

“ಓಂ ಭವತಿ…” ಅವರು ತಲೆ ಎತ್ತಿದರು. “ನೀನು? ಇಲ್ಲಿ ಯಾಕ ಬಂದಿ?”

“ಭಿಕ್ಷಾ ಹಾಕಾಕ.”

“ಮನಿಯವರ ಕೈದು ಭಿಕ್ಷಾ ಆಗಂಗಿಲ್ಲ. ಹೇಳಿದ್ದಿಲ್ಲೇನು ನಾ?”

“ನಿಮ್ಮ ಮನಿ ಆಳಂದದಾಗ ಅದ. ಇಲ್ಲಿ ನಾ ಬಾಡಗಿ ಕೊಟ್ಟೇನಿ, ಈ ಬಾಗಲದಾಗ ನಿಂದ್ರಾಕ ಕೇಳಿಕೊಂಡೇನಿ. ಜೋಳಿಗಿ ಹಿಡೀರಿ.”

ಓಣಿಯ ಹೆಂಗಸರು ಬಾಗಿಲಿಗೆ ಬಂದಿದ್ದರು. ದೌಲತರಾಯರು ಜೋಳಿಗೆ ಹಿಡಿದರು. ಗುರುಬಾಯಿ ರೊಟ್ಟಿ ಹಾಕಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಪಾಕೀಟಿನಿಂದ ಒಂದು ಗುಳಿಗೆ ಒತ್ತಿ ತೆಗೆದು, ಎಲ್ಲರೂ ನೋಡುವಂತೆ ರೊಟ್ಟಿಯ ಮೇಲೆ ಇಟ್ಟಳು.

“ಇದೇನು?”

“ಕಲಬುರಗಿ ಡಾಕ್ಟರ್ ಕೊಟ್ಟಿದ್ದು. ನೀವು ಕಸದಾಗ ಒಗೆದಿದ್ದು.”

“ತಗಿ ಅದನ್ನ.”

“ಹಾಕಿದ್ದನ್ನ ಬ್ಯಾಡ ಅನ್ನಂಗಿಲ್ಲ ಅಂದವರು ನೀವೇ.”

ಅವರ ಮುಖ ಕೆಂಪಾಯಿತು. ಏನೋ ಹೊಳೆದಂತೆ ಗುಳಿಗೆಯನ್ನೂ ಅವಳನ್ನೂ ನೋಡಿದರು. “ಇದರ ಮದಲ ಹಾಕಿದ್ದೇನು? ಮನ್ಯಾಗ? ಎಷ್ಟ ದಿನಾ?”

“ಪುಂಡಿಪಲ್ಯ ಉಂಡಷ್ಟ ದಿನಾ.”

ದೌಲತರಾಯರು ಜೋಳಿಗೆಯನ್ನು ಎದೆಗೆ ಒತ್ತಿಕೊಂಡರು. “ದತ್ತ ಎತ್ತಿದ ಅಂತ ಊರೆಲ್ಲ ಹೇಳಿಕೊಂಡು ಬಂದೇನಿ. ನೀ ನನಗ… ಇಲಿಗಿ ಪಾಷಾಣ ಹಾಕಿದಂಗ ಕಲಸಿ ಹಾಕಿದಿ. ನಿನ್ನ ಕೈ ಅಂತ ಕಣ್ಣ ಮುಚ್ಚಿ ಉಂಡೆ ನಾ.”

“ತಪ್ಪ ಮಾಡೇನಿ. ಬೈರಿ, ಬಡೀರಿ.” ಗುರುಬಾಯಿಯ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಆದರೆ ಅವಳು ಹೊಸ್ತಿಲು ಬಿಟ್ಟು ಸರಿಯಲಿಲ್ಲ. “ದತ್ತ ಎತ್ಯಾನೋ, ಗುಳಿಗಿ ಎತ್ಯಾದೋ, ನನಗ ತಿಳಿಯಂಗಿಲ್ರಿ. ಬಾವಿ ಕಟ್ಟಿ ಮ್ಯಾಲ ನಿಂತವರು ನೀವು. ನೋಡಿದಾಕಿ ನಾನು. ಆ ಧೋತರದ ಚುಂಗು ಇನ್ನೂ ನನ್ನ ಕೈಯಾಗೇ ಅದ.”

ಅವರು ಜೋಳಿಗೆಯ ಬಾಯಿ ಕಟ್ಟಿದರು. ಹೊಳೆಯ ಕಡೆ ನಡೆದರು. ಅವಳು ಹಿಂಬಾಲಿಸಲಿಲ್ಲ. ಹೊಸ್ತಿಲ ಮೇಲೆಯೇ ಕೂತಳು, ಎದ್ದಳು, ಕೂತಳು. ಗಂಗುಬಾಯಿ ತಂದುಕೊಟ್ಟ ಚಹಾ ಆರಿ ಕೆನೆ ಕಟ್ಟಿತು. ಬಿಸಿಲು ಓಣಿಯ ಈ ಗೋಡೆಯಿಂದ ಆ ಗೋಡೆಗೆ ಹೋದ ಮೇಲೆ ಲಾಡ್ಲೆಸಾಬ ಬೆವರು ಒರೆಸಿಕೊಳ್ಳುತ್ತ ಬಂದ.

“ಹೇಳು ಭಾಯಿ.”

“ಆಕಳಿಗಿ ಇಟ್ರು. ನಾಯಿಗಿ ಇಟ್ರು. ಗುಳಿಗಿ ಕೈಯಾಗ ಹಿಡಕೊಂಡು ಭಾಳೊತ್ತು ಕೂತ್ರು. ನಾಯಿ ಬಂದು ಮೂಸಿತು. ಹಚಾ ಅಂದ್ರು ಅದಕ್ಕ.”

“ಆಮ್ಯಾಲ?”

“ನುಂಗಿದ್ರು. ಹೊಳಿ ನೀರು ಬೊಗಸ್ಯಾಗ ತಗೊಂಡು ನುಂಗಿದ್ರು. ರೊಟ್ಟಿನೂ ಉಂಡ್ರು. ಉಂಡಿಂದ ನನಗ ಬೈಯಾಕ ಶುರು ಮಾಡಿದ್ರು. ನೀನೂ ಇದರಾಗ ಇದ್ದಿಯೇನಲೇ ಕಳ್ಳ, ನಿನ್ನ ಗಾಡಿಗಿ ಬೆಂಕಿ ಹಚ್ಚಲಿ ಅಂತ.”

“ಭಾಳ ಬೈದ್ರೇನು?”

“ಭಾಳ. ಸಂಗಮದಾಗಿನ ಮಂದೆಲ್ಲ ಹೊಳ್ಳಿ ನೋಡಿತು.”

ಗುರುಬಾಯಿ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು.

ಹರಕೆ ಮುಗಿಯುವವರೆಗೆ ಅವರು ದಿನಾ ಅದೇ ಐದನೆಯ ಮನೆಗೆ ಬಂದರು, ಜೋಳಿಗೆ ಹಿಡಿದರು, ಅವಳ ಜೊತೆ ಒಂದು ಮಾತೂ ಆಡಲಿಲ್ಲ. ಅವಳು ರೊಟ್ಟಿ ಹಾಕಿದಳು, ಗುಳಿಗೆ ಹಾಕಿದಳು. ವಾಪಸು ಬರುವಾಗ ಕ್ರೂಸರಿನಲ್ಲಿಯೂ ಅವರು ಮುಂದಿನ ಸೀಟಿನಲ್ಲಿ, ಅವಳು ಹಿಂದಿನ ಸೀಟಿನಲ್ಲಿ.

ಆಳಂದದ ಮನೆಯಲ್ಲಿ ಗುಟ್ಟು ಬಯಲಾಯಿತು. ಸಂಜು ಮೊದಲು ಹೊಟ್ಟೆ ಹಿಡಿದುಕೊಂಡ. “ಅಂದ್ರ ನಾನೂ ಅದನ್ನೇ ತಿಂದೇನೇನು ಇಷ್ಟ ದಿನಾ?” ಎಂದು ಹೌಹಾರಿದ. ನಿನ್ನ ಪಾಲಿಗೆ ಏನೂ ಬೆರೆಸಿಲ್ಲ ಎಂದು ಸುನಿತಾ ಹೇಳಿದರೂ ನಂಬಲಿಲ್ಲ. ಆಮೇಲೆ ಬಾವಿಯ ಸುದ್ದಿ ಕೇಳಿದ. ಕೈಗಡಿಯಾರ ನೆನಪಾಯಿತು. ಎದ್ದು ಹೋಗಿ ಅದನ್ನು ತಂದು ಅಪ್ಪನ ಕೈಗೆ ತಾನೇ ಕಟ್ಟಿದ. ದೌಲತರಾಯರು ಕೈ ಕೊಟ್ಟರು, ಮುಖ ಕೊಡಲಿಲ್ಲ.

ಅಂದು ಊಟಕ್ಕೆ ಕೂತಾಗ ಗುರುಬಾಯಿ ಅವರ ತಾಟಿಗೆ ಪಲ್ಯ ಹಾಕಿ ಹಿಂದೆ ಸರಿದಳು. ಅವರು ಕೈ ಹಚ್ಚಲಿಲ್ಲ. ತಾಟನ್ನು ಅವಳ ಕಡೆ ನೂಕಿದರು.

“ಮೊದಲ ನೀ ತಿನ್ನು.”

“ನೀವ್ ಉಣ್ಣೂಕಿಂತ ಮದಲ?”

“ತಿನ್ನು ಅಂದೆ. ನೀ ತಿಂದಿಂದ ನಾ ತಿಂತೇನಿ.”

ಅದು ಬೈಗುಳಕ್ಕಿಂತ ಖಾರವಾಗಿತ್ತು. ಗುರುಬಾಯಿ ಮಗ ಸೊಸೆಯ ಎದುರಿಗೆ ಗಂಡನ ತಾಟಿನಿಂದ ಮೊದಲ ತುತ್ತು ಮುರಿದು ತಿಂದಳು. ಅವರು ಅವಳು ನುಂಗುವವರೆಗೆ ನೋಡಿ, ಆಮೇಲೆ ಉಂಡರು. ಗುರುಬಾಯಿ ಅಡಿಗೆಮನೆಗೆ ಬಂದು, “ನಂಬಿಕಿ ಹೋತು ಸುನಿತಾ,” ಎಂದಳು. “ಮನಷ್ಯಾ ಉಳದಾರಲ್ರಿ ಅತ್ಯಾ,” ಎಂದಳು ಸುನಿತಾ. ಆ ಮಾತಿನಿಂದ ಅತ್ತೆಗೆ ಅಳು ನಿಲ್ಲಲಿಲ್ಲ, ಹೆಚ್ಚಾಯಿತು.

ಡಾಕ್ಟರ ಹತ್ತಿರ ಈ ಸಲ ದೌಲತರಾಯರು ತಾವೇ ಹೋದರು, ಸುನಿತಾಳನ್ನು ಕರೆದುಕೊಂಡು. ಕದ್ದು ಕೊಟ್ಟದ್ದಕ್ಕೆ ಡಾಕ್ಟರು ಸುನಿತಾಳಿಗೆ ಚೆನ್ನಾಗಿ ಬೈದರು. ಮಾವ ಪಕ್ಕದಲ್ಲಿ ಕೂತು, “ಇನ್ನೊಂಚೂರು ಬೈರಿ ಡಾಕ್ಟರ್,” ಎಂದರಂತೆ. ಗುಳಿಗೆ ಮಧ್ಯಾಹ್ನದ ಊಟದ ಹೊತ್ತಿಗೇ ಮುಂದುವರಿಯಿತು. ಎಲ್ಲ ದಿನ ಒಂದೇ ಸಮ ಇರಲಿಲ್ಲ. ಒಂದೊಂದು ದಿನ ದುಕಾನಿನಿಂದ ಬೇಗ ಬಂದು ಮಲಗುವರು. ಆ ದಿನ ಗುರುಬಾಯಿ ಮನೆಯೊಳಗೇ ಅತ್ತಿಂದಿತ್ತ ತಿರುಗುವಳು. ಮೊದಲ ತುತ್ತು ಮಾತ್ರ ತಪ್ಪಲಿಲ್ಲ. ಹೊತ್ತು ಹೊತ್ತಿಗೂ ತಾಟು ಅವಳ ಕಡೆ ಬರುತ್ತಿತ್ತು.

ಎಳ್ಳಮಾವಾಸ್ಯೆ ಬಂದಿತು. ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದರು, ಲಾಡ್ಲೆಸಾಬನೂ ಬಂದ. ಸಂಜು ಜೋಳದ ಬೆಳೆಯಲ್ಲಿ ತಿರುಗಾಡಿ ಭೂತಾಯಿಯ ಎಡೆಯೆಂದು ಚರಗ ಚೆಲ್ಲಿದ. ಬನ್ನಿಯ ಗಿಡದ ನೆರಳಲ್ಲಿ ಕಂಬಳಿ ಹಾಸಿ, ಸಜ್ಜೆ ರೊಟ್ಟಿ, ಭಜ್ಜಿಪಲ್ಯ, ಕಡಬು ಎಲ್ಲ ಬಿಚ್ಚಿದರು, ಬುತ್ತಿ ಇನ್ನೂ ಬಿಸಿಯಾಗಿತ್ತು. ಅಲ್ಲಿಂದ ಬಾವಿ ಕಾಣುತ್ತಿತ್ತು.

ದೌಲತರಾಯರು ಚಪ್ಪಲಿ ಬಿಟ್ಟು, ಖಾಲಿ ಕೊಡ ಎತ್ತಿಕೊಂಡು ಆ ಕಡೆ ನಡೆದರು.

“ಮಾವಾರ, ನೀರ ಬಾಟಲಿ ಅದಾವ್ರಿ…” ಸುನಿತಾ ಎಂದಳು. ಅವರು ಹೊರಳಿ ನೋಡಲಿಲ್ಲ. ಸಂಜು ಎದ್ದ. ಗುರುಬಾಯಿ ಅವನ ಅಂಗಿ ಹಿಡಿದು ಕೂರಿಸಿದಳು, ಆದರೆ ತಾನು ಅರ್ಧ ಎದ್ದಿದ್ದಳು. ಅವರು ಕಟ್ಟೆ ಹತ್ತಿದರು. ಬಗ್ಗಿದರು. ಹಗ್ಗದ ಸಪ್ಪಳ ಕೇಳಿತು. ಕೊಡ ನೀರಿಗೆ ಬಿದ್ದ ಸಪ್ಪಳ ಕೇಳಿತು. ಲಾಡ್ಲೆಸಾಬ ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದ. ದೌಲತರಾಯರು ತುಂಬಿದ ಕೊಡ ಹೆಗಲ ಮೇಲೆ ಇಟ್ಟುಕೊಂಡು, ಪಂಚೆ ಒದ್ದೆ ಮಾಡಿಕೊಂಡು ವಾಪಸು ಬಂದು ಕೂತರು.

“ಏನ್ ಮಾರಿ ನೋಡಾಕತ್ತೀರಿ ಎಲ್ಲಾರೂ? ಉಣ್ರಿ.” ತಾಟನ್ನು ಎಂದಿನಂತೆ ಹೆಂಡತಿಯ ಕಡೆ ನೂಕಿದರು. “ಮೊದಲ ನೀ ತಿನ್ನು.”

ಸುನಿತಾ ತಡೆಯಲಾರದೆ ಕೇಳಿದಳು. “ಇನ್ನೂ ಅನುಮಾನ ಅದ ಏನ್ರಿ ಮಾವಾರ?”

“ಅನುಮಾನ ಯಾವಾಗೋ ಹೋತು.”

“ಮತ್ತ?”

“ಮತ್ತೇನಿಲ್ಲ. ಆಕೀನೂ ಬಿಸೀದು ಉಣ್ಲಿ. ನೀ ರೊಟ್ಟಿ ಹಾಕು.”

ಗುರುಬಾಯಿ ಭಜ್ಜಿಪಲ್ಯದ ತುತ್ತು ಬಾಯಿಗೆ ಇಟ್ಟಳು. ನಿಧಾನವಾಗಿ ಅಗಿದಳು. ಇಷ್ಟು ವರ್ಷ ತಾನು ಮಾಡಿದ ಅಡಿಗೆಯನ್ನು ಬಿಸಿಯಿರುವಾಗ ರುಚಿ ನೋಡಿ ಉಂಡವಳಲ್ಲ, ಈ ದಿನಗಳ ಮೊದಲ ತುತ್ತನ್ನೂ ಬರೀ ನುಂಗಿದ್ದಳು.

“ಉಪ್ಪು ಕಮ್ಮಿ ಅದರೀ,” ಎಂದಳು.

ದೌಲತರಾಯರು ತಾಟು ಎಳೆದುಕೊಂಡು ಒಂದು ತುತ್ತು ತಿಂದರು. ಇನ್ನೊಂದು ತಿಂದರು.

“ಸರೀನ ಅದ,” ಎಂದು ಕೊಡದಿಂದ ಲೋಟಕ್ಕೆ ನೀರು ಬಗ್ಗಿಸಿಕೊಂಡು ಅಂಗೈ ಚಾಚಿದರು. “ಗುಳಿಗಿ ಎಲ್ಲಿ?”